ಮಡಕೆ ಕಟ್ಟುವ ಮುನ್ನ

ಹಕ್ಕಿ ಅಂಗಡಿಯಿಂದ ಒಂದು ಜೋಡಿ ಲವ್‌ಬರ್ಡ್ ತಂದರೆ ಪಂಜರ, ನವಣೆಯ ಪೊಟ್ಟಣಗಳ ಜೊತೆಗೆ ಪಕ್ಕದಲ್ಲಿ ತೂತಿರುವ ಒಂದು ಮಣ್ಣಿನ ಮಡಕೆಯೂ ಮನೆಗೆ ಬರುತ್ತದೆ. ‘ಹಕ್ಕಿಗೂ ಒಂದು ಮನೆ ಬೇಡವೇ ಸಾರ್’ ಎಂದು ಅಂಗಡಿಯವರು ಅದನ್ನು ಸೇರಿಸಿಯೇ ಕೊಡುತ್ತಾರೆ. ಕೊಂಡವರು ಅದನ್ನು ತಂತಿಯಿಂದ ಬಿಗಿದು ಪಂಜರದ ಮೂಲೆಗೆ ಕಟ್ಟುತ್ತಾರೆ. ರಾತ್ರಿ ಹಕ್ಕಿಗಳು ಒಳಗೆ ಬೆಚ್ಚಗೆ ಮಲಗಲಿ ಎಂಬುದಷ್ಟೇ ಅವರ ಆಸೆ. ಕೆಲವೇ ತಿಂಗಳಲ್ಲಿ ದೂರುಗಳು ಶುರು. ನಿನ್ನೆಯವರೆಗೆ ಬೆರಳ ಮೇಲೆ ಕೂರುತ್ತಿದ್ದ ಹೆಣ್ಣು ಇವತ್ತು ಕೈ ಕಂಡರೆ ಕಚ್ಚುತ್ತದೆ. ಮಕ್ಕಳ ನೋಟ್‌ಬುಕ್ಕಿನ ಅಂಚುಗಳು ಪಟ್ಟಿಪಟ್ಟಿಯಾಗಿ ಸೀಳಿಹೋಗಿವೆ. ಮೊಟ್ಟೆ ಇಟ್ಟಿದೆ, ಮರಿ ಹೊರಬಂದಿಲ್ಲ. ಮೊಟ್ಟೆ ತೆಗೆದು ಬಿಸಾಡಿದರೆ ಮತ್ತೆ ಇಟ್ಟಿದೆ. ಇದನ್ನು ನಿಲ್ಲಿಸುವುದು ಹೇಗೆ?

ಈ ಪ್ರಶ್ನೆಗೆ ಸಿಗುವ ಉತ್ತರಗಳು ಹಲವು, ಒಂದಕ್ಕೊಂದು ಹೊಂದುವುದಿಲ್ಲ. ಕತ್ತಲಲ್ಲಿಡಿ ಎನ್ನುವವರಿದ್ದಾರೆ, ಕಾಗದ ಕೊಡಬೇಡಿ ಎನ್ನುವವರಿದ್ದಾರೆ, ಜೋಡಿ ಬೇರೆ ಮಾಡಿ ಎನ್ನುವವರೂ, ಪ್ರಕೃತಿ ಸಹಜ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಹೆಚ್ಚಿನವರು ಹಕ್ಕಿಯ ಹಟವನ್ನು ದೂರುತ್ತಾರೆ. ನನಗೆ ಕಾಣುವುದೇ ಬೇರೆ: ಗೂಡು ಕಟ್ಟುವ ತೀರ್ಮಾನವನ್ನು ಹಕ್ಕಿಗಿಂತ ಮೊದಲು ಮನೆಯವರು ತೆಗೆದುಕೊಂಡಿರುತ್ತಾರೆ, ತಮಗೇ ತಿಳಿಯದಂತೆ.

ಮೊದಲು ಯಾವ ಹಕ್ಕಿಯ ಮಾತು ಎಂಬುದು ಸ್ಪಷ್ಟವಾಗಬೇಕು. ನಮ್ಮ ಊರುಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಗಳಲ್ಲಿ ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗಾರ್‌ಗಳು, ಉದ್ದ ಬಾಲದ ಸಣಕಲು ಹಕ್ಕಿಗಳು. ನಿಜವಾದ ಲವ್‌ಬರ್ಡ್ ಮೋಟು ಬಾಲದ, ದಪ್ಪ ಕೊಕ್ಕಿನ, ಗಟ್ಟಿಮುಟ್ಟಾದ ಪುಟ್ಟ ಗಿಣಿ. ಅಂಗಡಿಯವರ ಬಾಯಲ್ಲಿ ‘ಆಫ್ರಿಕನ್ ಲವ್‌ಬರ್ಡ್’. ಇವುಗಳಲ್ಲಿ ಒಂಬತ್ತು ಜಾತಿ. ಎಂಟು ಆಫ್ರಿಕಾ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ಪಂಜರಗಳಲ್ಲಿ ಹೆಚ್ಚಾಗಿ ಕಾಣುವುದು ನಮೀಬಿಯಾ, ಅಂಗೋಲಾಗಳ ಒಣ ನಾಡಿನಿಂದ ಬಂದ ಪೀಚ್‌ಫೇಸ್, ಮತ್ತು ಟಾಂಜಾನಿಯಾ ಮೂಲದ ಫಿಶರ್ ಹಾಗೂ ಮಾಸ್ಕ್. ಕೊನೆಯ ಎರಡಕ್ಕೂ ಕಣ್ಣಿನ ಸುತ್ತ ಬಿಳಿ ಬಳೆ ಇರುತ್ತದೆ, ಗುರುತು ಹಿಡಿಯುವುದು ಸುಲಭ.

ಮಡಕೆಯ ಪದ್ಧತಿ ಬಜರಿಗಾರ್ ಸಾಕಣೆಯಿಂದ ಬಂದದ್ದು. ಬಜರಿಗಾರ್ ಗೂಡಿಗೆ ಕಡ್ಡಿ, ನಾರು ಏನನ್ನೂ ತರುವುದಿಲ್ಲ. ಬರಿಯ ತಳದ ಮೇಲೆ ಮೊಟ್ಟೆ ಇಡುತ್ತದೆ. ಗಿಣಿ ಜಾತಿಯಲ್ಲಿ ಬಹುತೇಕ ಎಲ್ಲವೂ ಹೀಗೆಯೇ. ಲವ್‌ಬರ್ಡ್ ಅದಕ್ಕೆ ಅಪವಾದ: ಪೊಟರೆ ಸಿಕ್ಕರೆ ಸಾಲದು, ಅದರೊಳಗೆ ಹಾಸಬೇಕು, ಹೆಣೆಯಬೇಕು. ನಿಮ್ಮ ಮನೆಯ ನೋಟ್‌ಬುಕ್ ಹಾಳಾಗುವುದು ಅದಕ್ಕೇ.

ಈ ಹಾಸುವ ಹುಚ್ಚಿನ ಬಗ್ಗೆ ಇದುವರೆಗೆ ನಡೆದ ಕೆಲಸದಲ್ಲಿ ಅತಿ ಹೆಸರುವಾಸಿಯಾದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಅವರದು. 1962ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಪೀಚ್‌ಫೇಸ್ ಹೆಣ್ಣು ಕಾಗದದ ಅಂಚಿನಗುಂಟ ಕೊಕ್ಕಿನಿಂದ ಸಾಲಾಗಿ ತೂತು ಕೊರೆಯುತ್ತ ಹೋಗಿ ಉದ್ದನೆಯ ಪಟ್ಟಿ ಬಿಡಿಸುತ್ತದೆ. ಆಮೇಲೆ ತಲೆ ಹಿಂದಕ್ಕೆ ತಿರುಗಿಸಿ ಬೆನ್ನಿನ ಕೆಳಭಾಗದ ಗರಿಗಳ ನಡುವೆ ಅದನ್ನು ಸಿಕ್ಕಿಸಿಕೊಳ್ಳುತ್ತದೆ. ಹೀಗೆ ಹಲವು ಪಟ್ಟಿ ಸೇರಿದ ಮೇಲೆ ಎಲ್ಲವನ್ನೂ ಹೊತ್ತು ಗೂಡಿಗೆ ಹಾರುತ್ತದೆ. ಫಿಶರ್ ಇದೇ ಕೆಲಸವನ್ನು ಒಂದೊಂದೇ ಪಟ್ಟಿ ಕೊಕ್ಕಿನಲ್ಲಿ ಕಚ್ಚಿ ಮಾಡುತ್ತದೆ. ಡಿಲ್ಗರ್ ಎರಡನ್ನೂ ಕೂಡಿಸಿ ಮಿಶ್ರತಳಿ ಪಡೆದರು. ಆ ಮಿಶ್ರ ಹಕ್ಕಿಗಳ ಪಾಡು ನೋಡಬೇಕಾದದ್ದು. ಪಟ್ಟಿಯನ್ನು ಬೆನ್ನಿಗೆ ಸಿಕ್ಕಿಸಲು ಹೋಗುತ್ತವೆ, ಆದರೆ ಕೊಕ್ಕು ಅದನ್ನು ಬಿಡುವುದಿಲ್ಲ; ಬಿಟ್ಟರೂ ಸರಿಯಾಗಿ ಸಿಕ್ಕಿಸಲು ಬರುವುದಿಲ್ಲ, ಪಟ್ಟಿ ಜಾರಿ ಬೀಳುತ್ತದೆ. ಕೊಕ್ಕಿನಲ್ಲಿ ಕಚ್ಚಿ ಒಯ್ದಾಗ ಮಾತ್ರ ಕೆಲಸವಾಗುತ್ತದೆ. ಅದನ್ನೇ ರೂಢಿ ಮಾಡಿಕೊಳ್ಳಲು ಅವಕ್ಕೆ ಎರಡು ಮೂರು ವರ್ಷ ಹಿಡಿಯಿತು. ರೂಢಿಯಾದ ಮೇಲೂ ಪಟ್ಟಿ ಕಚ್ಚಿದೊಡನೆ ತಲೆ ಮಾತ್ರ ಹಿಂದಕ್ಕೆ ತಿರುಗುತ್ತಲೇ ಇತ್ತು.

ಅನುವಂಶೀಯತೆಯ ಪಾಠಕ್ಕೆ ಈ ಪ್ರಯೋಗವನ್ನು ಉದಾಹರಿಸುವವರು ಬಹಳ. ಸಾಕುವವರಿಗೂ ಇದರಲ್ಲಿ ವಿಷಯವಿದೆ. ಕಾಗದ ಸೀಳುವುದು ಹಕ್ಕಿ ಕಲಿತ ಕೆಟ್ಟ ಚಾಳಿಯಲ್ಲ, ಬೇಸರಕ್ಕೆ ಮಾಡುವ ಆಟವೂ ಅಲ್ಲ, ಹುಟ್ಟಿನಿಂದ ಬಂದದ್ದು. ಬೈದರೆ, ಪಂಜರ ತಟ್ಟಿದರೆ, ಮೂತಿಗೆ ಊದಿದರೆ ಅದು ನಿಲ್ಲುವುದಿಲ್ಲ, ಹಕ್ಕಿ ನಿಮ್ಮನ್ನು ಕಂಡು ಹೆದರುತ್ತದೆ ಅಷ್ಟೆ. ಇನ್ನೊಂದು: ಪೀಚ್‌ಫೇಸ್ ಮತ್ತು ಫಿಶರ್ ಕೂಡಿ ಹುಟ್ಟಿದ ಮರಿಗಳು ಬಂಜೆ. ಬಣ್ಣ ಚೆನ್ನಾಗಿ ಬರುತ್ತದೆಂದು ಈ ಎರಡನ್ನೂ ಒಂದೇ ಪಂಜರಕ್ಕೆ ಬಿಡುವವರು ಇದನ್ನು ನೆನಪಿಡಬೇಕು.

ಕಾಡಿನಲ್ಲಿ ಜಾತಿಗೊಂದು ರೀತಿ. ಫಿಶರ್, ಮಾಸ್ಕ್‌ಗಳಂಥ ಬಿಳಿ ಕಣ್ಬಳೆಯವು ಪೊಟರೆಯೊಳಗೇ ಕಡ್ಡಿ, ತೊಗಟೆ ಹೆಣೆದು ಗುಮ್ಮಟದಂಥ ಗೂಡು ಮಾಡುತ್ತವೆ. ಪೀಚ್‌ಫೇಸ್‌ಗೆ ಬಟ್ಟಲಿನಂಥ ಹಾಸು ಸಾಕು. ಬಂಡೆಯ ಬಿರುಕಿನಲ್ಲಿ, ಎಷ್ಟೋ ಸಲ ಸಂಘಜೀವಿ ಗೀಜಗಗಳು ಮರದಲ್ಲಿ ಕಟ್ಟಿದ ದೊಡ್ಡ ಗೂಡುಗಳ ಕೋಣೆಯೊಂದನ್ನು ಹಿಡಿದು, ಸಂಸಾರ ಹೂಡುತ್ತದೆ. ಕೆಂಪುತಲೆಯ ಜಾತಿಯೊಂದು ಮರದ ಮೇಲಿನ ಗೆದ್ದಲು ಗೂಡನ್ನೇ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ರೀತಿ ಯಾವುದಾದರೂ ಎಲ್ಲಕ್ಕೂ ಬೇಕಾದದ್ದು ಒಂದೇ: ಕತ್ತಲಿನ, ಇಕ್ಕಟ್ಟಾದ, ಬಾಯಿ ಕಿರಿದಾದ ಒಂದು ಜಾಗ.

ಹೆಣ್ಣಿನ ದೇಹವನ್ನು ಸಂತಾನದ ಕಡೆಗೆ ತಿರುಗಿಸುವ ಸೂಚನೆಗಳು ಹಲವು: ಬೆಳಕಿನ ಅವಧಿ, ಯಥೇಚ್ಛ ಆಹಾರ, ಸಂಗಾತಿ, ಗೂಡಿನ ಜಾಗ, ಸ್ಪರ್ಶ. ಯುರೋಪ್, ಅಮೆರಿಕಗಳಲ್ಲಿ ಬರೆದ ಸಾಕಣೆಯ ಪುಸ್ತಕಗಳು ಬೆಳಕನ್ನು ಮೊದಲಿಗೆ ಇಡುತ್ತವೆ. ಲಂಡನ್ನಿನಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯದು ಹದಿನಾರಕ್ಕೂ ಹೆಚ್ಚು. ಅಲ್ಲಿಯ ಹಕ್ಕಿಗಳು ಆ ಏರಿಳಿತವನ್ನು ನೋಡಿ ಋತು ತಿಳಿಯುವುದು ಸಹಜ. ಬೆಂಗಳೂರಿನಲ್ಲಿ ಡಿಸೆಂಬರಿಗೂ ಜೂನಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಲವ್‌ಬರ್ಡ್‌ಗಳಲ್ಲಿ ಬಹುಪಾಲು ಜಾತಿಗಳ ತವರೂ ಸಮಭಾಜಕದ ಆಚೀಚೆಯದೇ. ಒಣ ನಾಡಿನ ಪೀಚ್‌ಫೇಸ್ ಕಾಯುವುದು ಮಳೆಗೆ, ಮಳೆಯ ಬೆನ್ನಿಗೆ ಬರುವ ಹುಲ್ಲಿನ ಕಾಳಿಗೆ. ಹಾಗಾಗಿ ನನ್ನ ಎಣಿಕೆಯಲ್ಲಿ ನಮ್ಮ ಮನೆಗಳಲ್ಲಿ ಗೂಡಿನ ಜಾಗಕ್ಕೇ ಮೊದಲ ಸ್ಥಾನ, ಆಹಾರಕ್ಕೆ ಎರಡನೆಯದು, ಬೆಳಕು ಆಮೇಲೆ.

ಹಾಗೆಂದು ಬೆಳಕನ್ನು ಕಡೆಗಣಿಸುವಂತಿಲ್ಲ. ಹೊರಗೆ ಸೂರ್ಯ ಆರೂವರೆಗೆ ಮುಳುಗಿದರೂ ಹಾಲಿನ ಟ್ಯೂಬ್‌ಲೈಟು, ಟಿವಿ ಹನ್ನೊಂದರವರೆಗೆ ಉರಿಯುತ್ತಿದ್ದರೆ ಹಕ್ಕಿಯ ಪಾಲಿಗೆ ಹಗಲು ಹದಿನೇಳು ಗಂಟೆ. ಆಫ್ರಿಕಾದಲ್ಲೂ ಅಂಥ ಹಗಲಿಲ್ಲ. ಸಂಜೆ ಏಳಕ್ಕೆ ಪಂಜರವನ್ನು ಸದ್ದಿಲ್ಲದ ಕೋಣೆಗೆ ಒಯ್ದು, ಗಾಳಿಯಾಡುವ ಬಟ್ಟೆ ಮುಚ್ಚಿ, ಬೆಳಗಿನವರೆಗೆ ಹನ್ನೆರಡು ಗಂಟೆ ಒಳ್ಳೆಯ ಕತ್ತಲು ಕೊಡುವುದು ಖರ್ಚಿಲ್ಲದ ಮದ್ದು. ಮೊಟ್ಟೆ ನಿಲ್ಲಿಸದ ಹೆಣ್ಣಿಗೆ ಕೆಲವು ವಾರ ಹದಿನಾಲ್ಕು ಗಂಟೆಯವರೆಗೂ ಕತ್ತಲು ಕೊಡುವುದುಂಟು. ಮಧ್ಯೆ ಅಡುಗೆಮನೆಗೆ ನೀರಿಗೆ ಹೋದವರು ಲೈಟ್ ಹಾಕಿದರೆ ಅಷ್ಟೂ ವ್ಯರ್ಥ.

ಈಗ ಜಾಗದ ವಿಚಾರ. ಮರಿ ಬೇಡವಾದರೆ ಮಡಕೆಯನ್ನು ಇವತ್ತೇ ಬಿಚ್ಚಿ. ‘ಪಾಪ, ಎಲ್ಲಿ ಮಲಗುತ್ತವೆ?’ ಎಂಬ ಕೊರಗು ಬೇಡ. ಕಾಡಿನ ಲವ್‌ಬರ್ಡ್‌ಗಳು ಪೊಟರೆಯಲ್ಲಿ ರಾತ್ರಿ ಕಳೆಯುವುದು ನಿಜ, ಆದರೆ ಪಂಜರದೊಳಗೆ ಒಂದು ಒಳ್ಳೆಯ ಮರದ ಕೊಂಬೆಯ ಮೇಲೆ ಒತ್ತಿಕೊಂಡು ಅವು ಸೊಗಸಾಗಿ ನಿದ್ದೆ ಮಾಡುತ್ತವೆ. ಮಡಕೆಯ ಬದಲಿಗೆ ಈಚೆಗೆ ಮಾರುಕಟ್ಟೆಗೆ ಬಂದಿರುವ ಮೆತ್ತನೆಯ ಬಟ್ಟೆಯ ಡೇರೆಗಳನ್ನು ತಂದು ತೂಗುಹಾಕುವುದು ಇನ್ನೂ ಕೆಟ್ಟ ವ್ಯಾಪಾರ. ಅದೂ ಹಕ್ಕಿಯ ಕಣ್ಣಿಗೆ ಪೊಟರೆಯೇ. ಮೇಲಾಗಿ ಅದರ ನೂಲು ಬೆರಳಿಗೆ ಸುತ್ತಿಕೊಳ್ಳುತ್ತದೆ, ತಿಂದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಪಂಜರದ ಹೊರಗೆ ಬಿಡುವ ಅಭ್ಯಾಸವಿದ್ದವರು ಮನೆಯನ್ನು ಹಕ್ಕಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಪುಸ್ತಕಗಳ ಹಿಂದಿನ ಸಂದಿ, ಅರೆ ತೆರೆದ ಬೀರು, ಸೋಫಾ ಕೆಳಗಿನ ಹರಿದ ಬಟ್ಟೆ, ಪರದೆಯ ಮೇಲಿನ ಪೆಲ್ಮೆಟ್, ಚಪ್ಪಲಿ ಗೂಡು, ಕೊನೆಗೆ ನಿಮ್ಮ ಅಂಗಿಯ ತೋಳು ಕೂಡ. ಹೆಣ್ಣು ಪದೇ ಪದೇ ಒಂದೇ ಕತ್ತಲ ಮೂಲೆಗೆ ಹೋಗಿ ಕೆರೆಯುತ್ತಿದ್ದರೆ ಅದು ಜಾಗ ನೋಡಿದೆ ಎಂದೇ ಅರ್ಥ. ಆ ದಿನವೇ ಮುಚ್ಚಬೇಕು. ಮೊಟ್ಟೆ ಇಟ್ಟ ಮೇಲೆ ಮುಚ್ಚುವುದು ಬೇರೆಯೇ ಸಮಸ್ಯೆ. ಪಂಜರದೊಳಗಿನ ಕೊಂಬೆ, ಬಟ್ಟಲುಗಳ ಜಾಗ ಆಗಾಗ ಬದಲಿಸುವುದು, ಪಂಜರವನ್ನೇ ಬೇರೆ ಗೋಡೆಗೆ ಸರಿಸುವುದು ಸಹ ಕೆಲಸ ಮಾಡುತ್ತದೆ; ಊರು ನೆಲೆ ನಿಂತಿಲ್ಲ ಎನಿಸಿದರೆ ಸಂಸಾರ ಹೂಡಲು ಅದಕ್ಕೆ ಮನಸ್ಸು ಬಾರದು.

ಕಾಗದ ಕೊಡಬೇಕೇ ಬೇಡವೇ ಎಂಬಲ್ಲಿ ಸಾಕುವವರಲ್ಲಿ ಎರಡು ಪಂಗಡ. ಪೂರ್ತಿ ನಿಲ್ಲಿಸಿ ಎನ್ನುವವರ ಮಾತು ನನಗೆ ಅತಿ ಎನಿಸುತ್ತದೆ. ಕೊಕ್ಕಿಗೆ ಅಗಿಯುವ ಕೆಲಸವಿಲ್ಲದ ಲವ್‌ಬರ್ಡ್ ತನ್ನ ಗರಿ ಕಿತ್ತುಕೊಳ್ಳುವ ಸ್ಥಿತಿಗೂ ಹೋಗಬಹುದು. ಸೀಬೆ, ಬೇವು, ನುಗ್ಗೆಯ ಹಸಿ ಕೊಂಬೆಗಳನ್ನು ತೊಳೆದು ಕೊಟ್ಟರೆ ಅಗಿಯುವ ಚಟ ತೀರುತ್ತದೆ. ಆದರೆ ಪಟ್ಟಿ ಸೀಳಿ ಬೆನ್ನಿಗೆ ಸಿಕ್ಕಿಸಿಕೊಳ್ಳುವುದು ಶುರುವಾದರೆ, ಅಥವಾ ಫಿಶರ್ ಕಡ್ಡಿಗಳನ್ನು ಒಂದೇ ಮೂಲೆಗೆ ಒಯ್ಯುತ್ತಿದ್ದರೆ, ಕಾಗದ, ತೆಂಗಿನ ಗರಿ, ನಾರು ಎಲ್ಲವನ್ನೂ ಕೆಲವು ವಾರ ಎತ್ತಿಡುವುದು ಮೇಲು. ಪಂಜರದ ತಳಕ್ಕೆ ಹಾಸಿದ ಪತ್ರಿಕೆ ಹಕ್ಕಿಗೆ ಎಟುಕದಂತೆ ಮೇಲೊಂದು ಜಾಲರಿ ಇರಲಿ.

ಆಹಾರದಲ್ಲಿ ಜಾಣತನ ಬೇಕು. ಸೂರ್ಯಕಾಂತಿ, ಕುಸುಬೆಯಂಥ ಎಣ್ಣೆಬೀಜಗಳು, ನೆನೆಸಿ ಮೊಳಕೆ ಬರಿಸಿದ ಕಾಳು, ಬೇಯಿಸಿದ ಮೊಟ್ಟೆ, ಬೆಚ್ಚಗಿನ ಮೆತ್ತನೆಯ ತಿನಿಸು, ಇವೆಲ್ಲ ಹಕ್ಕಿಯ ದೇಹಕ್ಕೆ ‘ಸುಭಿಕ್ಷ ಬಂದಿದೆ, ಮರಿ ಮಾಡು’ ಎಂದು ಹೇಳುವ ಆಹಾರ. ಮರಿ ಬೇಡದ ಮನೆಯಲ್ಲಿ ಇವು ಅಪರೂಪಕ್ಕಿರಲಿ. ದಿನವಿಡೀ ತುಂಬಿ ತುಳುಕುವ ಬಟ್ಟಲಿನ ಬದಲು ಬೆಳಗ್ಗೆ, ಸಂಜೆ ಅಳತೆಯಲ್ಲಿ ನವಣೆ, ಸಾಮೆಗಳ ಮಿಶ್ರಣ, ಜೊತೆಗೆ ಸೊಪ್ಪು. ಆದರೆ ಆಗಲೇ ಮೊಟ್ಟೆ ಇಡುತ್ತಿರುವ ಹೆಣ್ಣಿಗೆ ಹೊಟ್ಟೆ ಕಟ್ಟಿಸಿದರೆ ಮೊಟ್ಟೆ ನಿಲ್ಲುವ ಮೊದಲು ಹಕ್ಕಿಯೇ ಸೋಲುತ್ತದೆ.

ಕೈಯಿಂದಾಗುವ ತಪ್ಪನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂಟಿಯಾಗಿ ಸಾಕಿದ, ಕೈತುತ್ತು ತಿಂದು ಬೆಳೆದ ಹಕ್ಕಿ ಮನೆಯವರಲ್ಲಿ ಒಬ್ಬರನ್ನು ಸಂಗಾತಿ ಎಂದುಕೊಳ್ಳುತ್ತದೆ. ತಲೆ, ಕತ್ತು ಕೆರೆದರೆ ಅದು ಗೆಳೆತನ. ಬೆನ್ನು ನೇವರಿಸಿದರೆ, ಬಾಲದ ಬುಡ ಮುಟ್ಟಿದರೆ, ಅಂಗೈಯಲ್ಲಿ ಮುಚ್ಚಿಕೊಂಡು ಮುದ್ದಾಡಿದರೆ ಅದರ ಭಾಷೆಯಲ್ಲಿ ಅದು ಕೂಡುವಿಕೆಯ ಕರೆ. ಗಂಡು ತಿಂದದ್ದನ್ನು ನಿಮ್ಮ ಬೆರಳಿಗೆ ಕಕ್ಕುವುದು, ಹೆಣ್ಣು ರೆಕ್ಕೆ ಇಳಿಬಿಟ್ಟು ಬಾಲ ಎತ್ತಿ ತಗ್ಗುವುದು ಎರಡೂ ಆ ಕರೆಗೆ ಉತ್ತರವೇ. ಪಂಜರದ ಕನ್ನಡಿಯೂ ಇದೇ ಕೆಲಸ ಮಾಡುತ್ತದೆ, ತೆಗೆದುಬಿಡಿ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಮೊಟ್ಟೆ ಬಂದುಬಿಟ್ಟಿದ್ದರೆ? ಹೆಚ್ಚು ಗೊಂದಲ ಇಲ್ಲೇ. ಪೀಚ್‌ಫೇಸ್, ಫಿಶರ್, ಮಾಸ್ಕ್ ಮೂರರಲ್ಲೂ ಗಂಡು ಹೆಣ್ಣು ನೋಡಲು ಒಂದೇ ಥರ. ಜೋಡಿ ಎಂದು ಕೊಟ್ಟದ್ದು ಎರಡು ಹೆಣ್ಣಾಗಿರುವುದು ತೀರ ಸಾಮಾನ್ಯ. ಗೂಡಿನಲ್ಲಿ ಎಂಟು ಹತ್ತು ಮೊಟ್ಟೆ ರಾಶಿ ಬಿದ್ದಿದ್ದು ಒಂದೂ ಮರಿಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಡಿಎನ್‌ಎ ಪರೀಕ್ಷೆಯಿಂದ ಲಿಂಗ ಖಚಿತವಾಗುತ್ತದೆ, ನಾಲ್ಕೈದು ಗರಿ ಸಾಕು. ಒಂಟಿ ಹೆಣ್ಣೂ ಮೊಟ್ಟೆ ಇಡುತ್ತದೆ, ನಾಟಿ ಕೋಳಿ ಹುಂಜವಿಲ್ಲದೆ ಇಟ್ಟ ಹಾಗೆ.

ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ. ಕಾವು ಸುಮಾರು 21ರಿಂದ 23 ದಿನ. ಕಂಡ ತಕ್ಷಣ ಮೊಟ್ಟೆ ಎತ್ತಿ ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಲೆಕ್ಕ ತಪ್ಪಿತೆಂದು ಹೆಣ್ಣು ಮತ್ತೆ ಇಡುತ್ತದೆ, ನೀವು ಮತ್ತೆ ಎಸೆಯುತ್ತೀರಿ. ಸುಮಾರು ಐವತ್ತು ಗ್ರಾಂ ತೂಗುವ ಹಕ್ಕಿಗೆ ಒಂದೊಂದು ಮೊಟ್ಟೆ ಮೂರೂವರೆ, ನಾಲ್ಕು ಗ್ರಾಂ. ಐದು ಮೊಟ್ಟೆಯೆಂದರೆ ಹತ್ತು ದಿನದೊಳಗೆ ತನ್ನ ತೂಕದ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಹೊರಹಾಕಿದ ಲೆಕ್ಕ, ಆ ಚಿಪ್ಪಿನ ಸುಣ್ಣವೆಲ್ಲ ಅದರ ಮೂಳೆಯಿಂದಲೂ ಆಹಾರದಿಂದಲೂ ಬಂದದ್ದು. ಅದಕ್ಕೇ ಅನುಭವಿಗಳು ಹೇಳುವ ದಾರಿ ಬೇರೆ: ಮರಿ ಬೇಡವಾದರೆ ಪ್ರತಿ ಮೊಟ್ಟೆಯನ್ನೂ ಇಟ್ಟ ದಿನವೇ ತೆಗೆದು ಕುದಿಸಿ, ಆರಿಸಿ, ಪೆನ್ಸಿಲ್ ಗುರುತು ಹಾಕಿ ಅದೇ ಜಾಗದಲ್ಲಿ ಮತ್ತೆ ಇಡುವುದು; ಇಲ್ಲವೇ ಅದೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆ ಇಡುವುದು. ಹೆಣ್ಣು ಕಾವು ಕೂರುತ್ತದೆ, ಮೂರು ನಾಲ್ಕು ವಾರದಲ್ಲಿ ಇದು ಒಡೆಯುವುದಲ್ಲ ಎಂದು ತಾನಾಗಿ ಎದ್ದುಹೋಗುತ್ತದೆ. ಆಗ ಮೊಟ್ಟೆ, ಹಾಸು, ಜಾಗ ಮೂರನ್ನೂ ಒಟ್ಟಿಗೆ ತೆಗೆಯಬೇಕು. ಕಾವಿನ ದಿನಗಳಲ್ಲಿ ದೊಡ್ಡ ದೊಡ್ಡ ಹಿಕ್ಕೆ ಕಂಡರೆ ಗಾಬರಿ ಬೇಡ. ಗೂಡು ಹೊಲಸಾಗದಿರಲೆಂದು ತಡೆಹಿಡಿದು ಒಮ್ಮೆಲೇ ಹಾಕುತ್ತದೆ. ಕಚ್ಚುವುದೂ ಆಗ ಹೆಚ್ಚು. ಪಕ್ಕದಲ್ಲಿ ಬಜರಿಗಾರ್ ಇದ್ದರೆ ಬೇರೆ ಪಂಜರಕ್ಕೆ ಹಾಕಿ, ಲವ್‌ಬರ್ಡ್ ಅದರ ಕಾಲ್ಬೆರಳನ್ನೇ ಕಡಿದುಹಾಕಬಲ್ಲದು.

ಸುಣ್ಣದ ಅಂಶಕ್ಕೆ ಪಂಜರದಲ್ಲಿ ಸದಾ ಕಟಲ್ ಬೋನ್ ಇರಬೇಕು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಸಿಗುವುದೂ ಇದೇ. ನುಗ್ಗೆ ಸೊಪ್ಪು ಒಳ್ಳೆಯದು. ಪಾಲಕ್‌ನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನೇ ನೆಚ್ಚಬಾರದು. ಸುಣ್ಣ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದಕ್ಕೆ ಎಳೆಬಿಸಿಲು ಬೇಕು. ಕಿಟಕಿಯ ಗಾಜಿನಿಂದ ಒಳಬಂದ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಬೇಕಾದ ಕಿರಣವನ್ನೇ ತಡೆಯುತ್ತದೆ. ಪಂಜರವನ್ನು ಬಾಲ್ಕನಿಗೆ ತನ್ನಿ, ಅರ್ಧ ಭಾಗ ನೆರಳಿರಲಿ.

ಬರೀ ಕಾಳು ತಿಂದ ಹೆಣ್ಣುಗಳಿಗೆ ಬರುವ ದೊಡ್ಡ ಗಂಡಾಂತರ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು. ಸಾಕುವವರು ಎಗ್ ಬೈಂಡಿಂಗ್ ಎನ್ನುತ್ತಾರೆ. ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುತ್ತದೆ, ತಿಣುಕುತ್ತದೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತದೆ, ಕೆಲವೊಮ್ಮೆ ಕಾಲು ಸೋತು ನಿಲ್ಲಲಾರದು. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬೆಚ್ಚಗೆ, ತುಸು ತೇವದ ಹವೆಯಲ್ಲಿ ಇರಿಸಿ ಹಕ್ಕಿಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಬಳಿಗೆ ಆಗಲೇ ಓಡಬೇಕು. ಎಣ್ಣೆ ಹಚ್ಚುವುದು, ಹೊಟ್ಟೆ ಒತ್ತುವುದು ಬೇಡವೇ ಬೇಡ; ಮೊಟ್ಟೆ ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ನಮ್ಮ ಪಟ್ಟಣಗಳಲ್ಲಿ ದನ, ನಾಯಿ ನೋಡುವ ವೈದ್ಯರು ಸಿಗುವಷ್ಟು ಸುಲಭವಾಗಿ ಹಕ್ಕಿಯ ವೈದ್ಯರು ಸಿಗುವುದಿಲ್ಲ. ಹಾಗಾಗಿ ಅವರ ವಿಳಾಸವನ್ನು ಕಾಯಿಲೆಗೆ ಮೊದಲೇ ಹುಡುಕಿಟ್ಟುಕೊಳ್ಳಬೇಕು. ಏನು ಮಾಡಿದರೂ ಮೊಟ್ಟೆ ನಿಲ್ಲದ ಹೆಣ್ಣಿಗೆ ಲ್ಯೂಪ್ರೊಲೈಡ್ ಚುಚ್ಚುಮದ್ದು, ಚರ್ಮದಡಿ ಇಡುವ ಡೆಸ್ಲೊರೆಲಿನ್ ಗುಳಿಗೆ ಎಂಬ ಹಾರ್ಮೋನು ಚಿಕಿತ್ಸೆಗಳಿವೆ. ಅವುಗಳ ಪರಿಣಾಮ ತಾತ್ಕಾಲಿಕ. ಮನೆಯಲ್ಲಿ ಮಡಕೆ, ಟ್ಯೂಬ್‌ಲೈಟು, ಎಣ್ಣೆಬೀಜ ಹಾಗೆಯೇ ಉಳಿದರೆ ಔಷಧದ ಅವಧಿ ಮುಗಿದ ಕೂಡಲೇ ಮತ್ತೆ ಮೊದಲಿನ ಕಥೆ. ಗರ್ಭನಾಳ ತೆಗೆಯುವ ಶಸ್ತ್ರಕ್ರಿಯೆ ಇಷ್ಟು ಪುಟ್ಟ ಜೀವಕ್ಕೆ ಅಪಾಯದ್ದು, ಕೊನೆಯ ದಾರಿ.

ಮರಿ ಬೇಕೆನ್ನುವವರಿಗೆ ಹೇಳುವುದು ಸ್ವಲ್ಪ. ವರ್ಷ ತುಂಬದ ಹೆಣ್ಣಿಗೆ ಗೂಡು ಕೊಡಬೇಡಿ. ಒಂದೇ ಜಾತಿಯ, ರಕ್ತಸಂಬಂಧವಿಲ್ಲದ ಗಂಡು ಹೆಣ್ಣು ಎಂದು ಖಚಿತ ಮಾಡಿಕೊಳ್ಳಿ. ಮಡಕೆಗಿಂತ ಮುಚ್ಚಳ ತೆರೆದು ನೋಡಬಹುದಾದ ಮರದ ಪೆಟ್ಟಿಗೆ ವಾಸಿ, ಮತ್ತು ಹಾಸಲು ಹಸಿ ತೆಂಗಿನ ಗರಿ, ತೊಗಟೆ ಧಾರಾಳವಾಗಿ ಕೊಡಿ. ಮರಿಗಳು ಸುಮಾರು ಆರು ವಾರಕ್ಕೆ ಗೂಡು ಬಿಡುತ್ತವೆ, ತಾವೇ ತಿನ್ನಲು ಇನ್ನೂ ಒಂದೆರಡು ವಾರ. ವರ್ಷಕ್ಕೆ ಎರಡು ಸೂಲು ಸಾಕು. ಆಮೇಲೆ ಪೆಟ್ಟಿಗೆ ಕೆಳಗಿಳಿಯಬೇಕು. ಇಳಿಸದಿದ್ದರೆ ಮುಂದಿನ ಸೂಲಿನ ಆತುರಕ್ಕೆ ಬಿದ್ದ ತಾಯಿ ಗೂಡಲ್ಲಿರುವ ಮರಿಗಳ ಗರಿಯನ್ನೇ ಕೀಳುವುದುಂಟು.

ಮರಿಗಳಿಗೆ ಕಾಗದಪತ್ರದ ಕಟ್ಟಳೆಯೂ ಈಗ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಹಸಿರು ಗಿಣಿಯನ್ನು ಸಾಕುವುದನ್ನು ತಡೆದರೂ ಹೊರದೇಶದ ಲವ್‌ಬರ್ಡ್ ಅದರ ಹೊರಗಿತ್ತು. 2022ರ ತಿದ್ದುಪಡಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯ ಪ್ರಾಣಿಪಕ್ಷಿಗಳನ್ನೂ ಒಳಗೆ ತಂದಿತು. 2024ರ ನಿಯಮಗಳಂತೆ ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಹುಟ್ಟು ಸಾವುಗಳನ್ನೂ ತಿಳಿಸಬೇಕು. ಗಿಣಿಗಳಲ್ಲಿ ಬಹುಪಾಲು ಆ ಪಟ್ಟಿಯಲ್ಲಿವೆ. ಬಜರಿಗಾರ್, ಕಾಕಟೀಲ್‌ಗಳ ಹಾಗೆ ಪೀಚ್‌ಫೇಸ್ ಲವ್‌ಬರ್ಡ್ ಅದರಿಂದ ಹೊರಗಿದೆ. ಫಿಶರ್, ಮಾಸ್ಕ್ ಒಳಗಿವೆ. ಅಂಗಡಿಯ ಒಂದೇ ಪಂಜರದಲ್ಲಿ ಅಕ್ಕಪಕ್ಕ ಕೂತ ಎರಡು ಹಕ್ಕಿಗಳಲ್ಲಿ ಕಣ್ಣಿಗೆ ಬಿಳಿ ಬಳೆಯಿರುವುದರ ಮೊಟ್ಟೆ ಒಡೆದು ಮರಿ ಹೊರಬಂದರೆ ಮಾತ್ರ ಆ ಸುದ್ದಿ ಸರ್ಕಾರಕ್ಕೂ ಹೋಗಬೇಕು.